ಕಲ್ಲಿನ ಮೇಲೆ ಏನು ಬರೆಸೋಣ?

ಗದಗ ಜಿಲ್ಲೆಯ ಹಳ್ಳಿಯೊಂದರಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ತಮ್ಮ ಸೈನ್ಯದಲ್ಲಿದ್ದ. ಮೂರು ವರ್ಷದ ಹಿಂದೆ, 24ನೇ ವಯಸ್ಸಿನಲ್ಲಿ, ಹಿಮಾಲಯದ ರಸ್ತೆಯೊಂದರಲ್ಲಿ ಸೇನೆಯ ಲಾರಿ ಜಾರಿ ಕಮರಿಗೆ ಬಿದ್ದು ತೀರಿಕೊಂಡ. ಅವನು ಓದಿದ ಶಾಲೆಯಲ್ಲಿ ದೇಶಕ್ಕಾಗಿ ಪ್ರಾಣ ಕೊಟ್ಟವರ ಹೆಸರಿನ ಫಲಕ ಇದೆ. ಅಲ್ಲಿ ತಮ್ಮನ ಹೆಸರನ್ನೂ ಸೇರಿಸಿ ಅಂತ ಕೇಳಿದರೆ, ‘ಯುದ್ಧದಲ್ಲಿ ಸತ್ತಿಲ್ಲವಲ್ಲ’ ಎಂಬ ಉತ್ತರ ಬಂತಂತೆ. ಈಗ ಮನೆಯವರೇ ತಮ್ಮ ಹೊಲದ ಬದುವಿನಲ್ಲಿ ಒಂದು ಕಲ್ಲು ನಿಲ್ಲಿಸಲು ಹೊರಟಿದ್ದಾರೆ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದಾರೆ: ‘ನನ್ನ ತಮ್ಮನನ್ನು ಹುತಾತ್ಮ ಅನ್ನಬಹುದಾ? ಕಲ್ಲಿನ ಮೇಲೆ ಏನು ಬರೆಸಲಿ?’

ಅಕ್ಕಾ,

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರನೇ ಪುಟದ ಸೋಪಿನ ವಿಷಯ ಓದಿದ ಮೇಲೆ ಕೂಡಲೇ ಬರೆಯೋಕೆ ಕೈ ಏಳಲಿಲ್ಲ. ರಜೆಗೆ ಬಂದಾಗಲೆಲ್ಲ ತಮ್ಮ ಮಿಲಿಟರಿ ಕ್ಯಾಂಟೀನಿನಿಂದ ಸೋಪು ತರುತ್ತಿದ್ದ, ಓಣಿಯ ಮನೆಮನೆಗೂ ಒಂದೊಂದು ಕೊಡುತ್ತಿದ್ದ ಅಂತ ಬರೆದಿದ್ದೀರಿ. ಅವನ ಕಪ್ಪು ಟ್ರಂಕು ಮನೆಗೆ ಬಂದಾಗ ಅದರಲ್ಲಿ ಹನ್ನೆರಡು ಸೋಪು ಇದ್ದವು. ಅವ್ವ ಅವನ್ನು ಯಾರಿಗೂ ಕೊಟ್ಟಿಲ್ಲ, ತಾವೂ ಬಳಸಿಲ್ಲ. ಟ್ರಂಕಿನ ಮುಚ್ಚಳ ತೆಗೆದರೆ ಈಗಲೂ ಘಮ್ ಅನ್ನುತ್ತದೆ ಅಂದಿದ್ದೀರಿ. ಆ ಸಾಲು ನನ್ನನ್ನು ಬಿಟ್ಟಿಲ್ಲ.

ಮೊದಲ ಪ್ರಶ್ನೆಗೆ ನನ್ನ ಉತ್ತರ: ಅನ್ನಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

‘ಯಾವ ಯುದ್ಧದಲ್ಲಿ?’ ಅಂತ ಇನ್ನೊಮ್ಮೆ ಯಾರಾದರೂ ಕೇಳಿದರೆ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಹೇಳಿ. ನಿಮ್ಮ ಪಕ್ಕದ ಜಿಲ್ಲೆಯವರೇ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು. ಅವರನ್ನು ಹುತಾತ್ಮ ಅಲ್ಲ ಅನ್ನುವ ಒಬ್ಬರೂ ನಮ್ಮ ನಾಡಿನಲ್ಲಿ ಸಿಗಲಾರರು. ಅವರು ಸತ್ತದ್ದು ಶತ್ರುವಿನ ಗುಂಡಿನಿಂದಲ್ಲ. 2016ರ ಫೆಬ್ರವರಿ 3ರ ನಸುಕಿನಲ್ಲಿ ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮದ ಗೋಡೆ ಕುಸಿಯಿತು. ಅಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ 10 ಜನ. ಪೋಸ್ಟ್ ಇದ್ದದ್ದು 19,600 ಅಡಿ ಎತ್ತರದಲ್ಲಿ. ಭಾರತ–ಪಾಕಿಸ್ತಾನದ ನಡುವೆ ಅಲ್ಲಿ 2003ರ ನವೆಂಬರ್‌ನಿಂದ ಕದನವಿರಾಮ ಇತ್ತು. ಶಾಲೆಯವರ ಲೆಕ್ಕ ಹಿಡಿದರೆ ಹನುಮಂತಪ್ಪ ಅವರ ಹೆಸರೂ ಫಲಕಕ್ಕೆ ಬರುವಂತಿಲ್ಲ, ಅಲ್ವಾ?

ಆ ವಾರ ನನಗೆ ಚೆನ್ನಾಗಿ ನೆನಪಿದೆ. 10 ಜನರೂ ಬದುಕಿಲ್ಲ ಎಂಬ ಸುದ್ದಿ ಬಂದಿತ್ತು. ನಾವು ಶ್ರದ್ಧಾಂಜಲಿ ಪುಟ ಕಟ್ಟಿ ಇಟ್ಟಿದ್ದೆವು. 9ರ ಬೆಳಿಗ್ಗೆ ಕಚೇರಿಗೆ ಬಂದರೆ ಎಲ್ಲರೂ ಟಿವಿ ಮುಂದೆ ನಿಂತಿದ್ದರು. ಡಾಟ್, ಮಿಶಾ ಅನ್ನುವ ಸೇನೆಯ ನಾಯಿಗಳು ಮೂಸಿ ತೋರಿಸಿದ ಜಾಗದಲ್ಲಿ ಸೈನಿಕರು ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಯಂತ್ರದಿಂದ ಕೊಯ್ದು ತೆಗೆದಿದ್ದರು. ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ, ಆರನೇ ದಿನ, ಹನುಮಂತಪ್ಪ ಅವರಿಗೆ ಇನ್ನೂ ಉಸಿರಿತ್ತು. ನಾವು ಆ ಪುಟ ತೆಗೆದುಹಾಕಿದೆವು. ನಮ್ಮ ಡಿಟಿಪಿ ಹುಡುಗ ಅದನ್ನು ಡಿಲೀಟ್ ಮಾಡುವಾಗ ಅಳುತ್ತಿದ್ದ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಎರಡು ದಿನ ಕೋಮಾದಲ್ಲಿದ್ದರು. 11ರ ಬೆಳಿಗ್ಗೆ 11.45ಕ್ಕೆ ತೀರಿಕೊಂಡರು. ವಯಸ್ಸು 33. ಅದೇ ಪುಟವನ್ನು ಮತ್ತೆ ಕಟ್ಟಬೇಕಾಯಿತು.

ಆಗ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕು. ಪುಟದ ತುಂಬ ಆ ಆರು ದಿನಗಳ ಬಗ್ಗೆಯೇ ಬರೆದೆ. ಅವರು ಸೈನ್ಯದಲ್ಲಿ ಕಳೆದ 13 ವರ್ಷಕ್ಕೆ ಎರಡೇ ಸಾಲು ಕೊಟ್ಟೆ. 2002ರಲ್ಲಿ ಸೇರಿದವರು ಜಮ್ಮು ಕಾಶ್ಮೀರದಲ್ಲಿ, ಈಶಾನ್ಯದಲ್ಲಿ, ಕೊನೆಗೆ ಸಿಯಾಚಿನ್‌ನಲ್ಲಿ, ಹೀಗೆ 10 ವರ್ಷ ಕಷ್ಟದ ಜಾಗಗಳಲ್ಲೇ ಇದ್ದರು. ಹೆಚ್ಚಿನ ಸಲ ತಾವೇ ಕೇಳಿ ಹೋದದ್ದು ಅಂತ ಸೇನೆಯೇ ಹೇಳಿತ್ತು. ಉಳಿದ ಒಂಬತ್ತು ಜನರ ಹೆಸರನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೆ. ಅವರಲ್ಲಿ ಇಬ್ಬರು ನಮ್ಮವರೇ: ಹಾಸನ ಜಿಲ್ಲೆಯ ನಾಗೇಶ್, ಎಚ್.ಡಿ. ಕೋಟೆ ಕಡೆಯ ಮಹೇಶ್. ತಮಿಳುನಾಡಿನ ನಾಲ್ವರು, ಕೇರಳ, ಆಂಧ್ರ, ಮಹಾರಾಷ್ಟ್ರದ ಒಬ್ಬೊಬ್ಬರು. ಒಂದೇ ಹಿಮ, ಒಂದೇ ಗಳಿಗೆ. ಆರು ದಿನ ಉಸಿರು ಹಿಡಿದವರ ಕಥೆ ಎಲ್ಲರಿಗೂ ಗೊತ್ತು. ಉಳಿದವರ ಅವ್ವಂದಿರನ್ನು ಆಮೇಲೆ ಯಾರು ಮಾತಾಡಿಸಿದರು? ನಿಮ್ಮ ಪತ್ರ ಓದುವಾಗ ಆ ಸಣ್ಣ ಅಕ್ಷರದ ಹೆಸರುಗಳೇ ಕಣ್ಣ ಮುಂದೆ ಬಂದವು.

ಸಿಯಾಚಿನ್‌ನಂಥ ಜಾಗದಲ್ಲಿ ಸುಮ್ನೆ ಇರುವುದೇ ಕೆಲಸ. 19,000 ಅಡಿ ದಾಟಿದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಊರಿನ ಅರ್ಧದಷ್ಟೂ ಇಲ್ಲ. ಗ್ಲೌಸ್ ತೆಗೆದು ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಹಿಮದ ಬಿರುಕು ಮೇಲಿಂದ ಕಾಣುವುದಿಲ್ಲ, ಅದಕ್ಕೆ ಎಲ್ಲರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬ ಬಿದ್ದರೆ ಉಳಿದವರು ಎಳೆಯಬೇಕು. 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಅಲ್ಲಿಗೆ ಹತ್ತಿದ ಮೇಲೆ 2015ರ ಕೊನೆಯ ಹೊತ್ತಿಗೆ ಪ್ರಾಣ ಬಿಟ್ಟವರು 800ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಚಳಿ, ಎತ್ತರ, ಹಿಮಕುಸಿತ. ಆಚೆ ಬದಿಯಲ್ಲೂ ಅದೇ ಪಾಡು. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಒಂದೇ ಹಿಮಕುಸಿತಕ್ಕೆ ಪಾಕಿಸ್ತಾನದ 140 ಜನ ಸಿಕ್ಕಿ ಸತ್ತರು. ಅವರ ಅವ್ವಂದಿರಿಗೂ ಯಾರೋ ‘ಯಾವ ಯುದ್ಧ’ ಅಂತ ಕೇಳಿರಬಹುದು.

ನಿಮ್ಮ ತಮ್ಮ ಹೋಗುತ್ತಿದ್ದ ರಸ್ತೆಯೂ ಅಂಥದ್ದೇ. ಮೇಲಿನ ಪೋಸ್ಟುಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಯಾರಾದರೂ ಒಯ್ಯಲೇಬೇಕು. ಆ ಲಾರಿ ಹೋಗದಿದ್ದರೆ ಮೇಲಿದ್ದವನು ಉಳಿಯುವುದಿಲ್ಲ. ಮೋಜಿಗೆ ಹೋದ ದಾರಿಯಲ್ಲ ಅದು. ಹೋಗು ಅಂದರು, ಹೋದ.

ಇನ್ನು ಕಾಗದದ ಮಾತು. ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೇನೆಯ ಕಡತದಲ್ಲಿ ಹುತಾತ್ಮ, ಶಹೀದ್ ಅನ್ನುವ ಪದಗಳೇ ಇಲ್ಲ. ಸರ್ಕಾರ ಇದನ್ನು ಸಂಸತ್ತಿನಲ್ಲೇ ಹೇಳಿದೆ. ಅಲ್ಲಿರುವುದು ಬ್ಯಾಟಲ್ ಕ್ಯಾಶುಯಲ್ಟಿ (ಕಾಳಗ, ಕಾರ್ಯಾಚರಣೆಯಲ್ಲಿ ಆದ ಸಾವು-ನೋವು), ಫಿಸಿಕಲ್ ಕ್ಯಾಶುಯಲ್ಟಿ (ಉಳಿದ ಸಾವು-ನೋವು) ಎಂಬ ಎರಡು ಬಗೆ. ಗಡಿ ಕಾಯುವಾಗ ಹಿಮಕುಸಿತಕ್ಕೆ ಸಿಕ್ಕವರನ್ನೂ ಮೊದಲ ಬಗೆಗೇ ಸೇರಿಸುತ್ತಾರೆ. ಈ ವಿಂಗಡಣೆ ಕುಟುಂಬ ಪಿಂಚಣಿ, ಪರಿಹಾರದ ಲೆಕ್ಕಕ್ಕೆ ಬೇಕಾದದ್ದು. ತಮ್ಮನ ಕಾಗದದಲ್ಲಿ ಏನಿದೆ ಅಂತ ಒಮ್ಮೆ ನೋಡಿ. ಗೊಂದಲ ಇದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಲು ಅವರು ನೆರವಾಗುತ್ತಾರೆ. ಆದರೆ ಪಿಂಚಣಿಗಾಗಿ ಮಾಡಿದ ಬಗೆಗಳನ್ನು ಶಾಲೆಯ ಗೋಡೆಗೆ ಯಾಕೆ ತರಬೇಕು? ಮಕ್ಕಳಿಗೆ ಗೊತ್ತಾಗಬೇಕಾದದ್ದು ಇಷ್ಟೇ ತಾನೇ: ಇದೇ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗ ಸೈನ್ಯಕ್ಕೆ ಹೋದ, ಕೆಲಸದ ಮೇಲಿದ್ದಾಗಲೇ ಹೋಗಿಬಿಟ್ಟ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಧಾರಾಳಿಗಳು. ನಿಮ್ಮ ಕಡೆ ಹನುಮಪ್ಪನ ಗುಡಿ ಮುಂದೆ, ಕೆರೆ ಏರಿ ಮೇಲೆ ನಿಂತ ವೀರಗಲ್ಲುಗಳನ್ನು ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಗೆ ಸೂರ್ಯ ಚಂದ್ರ. ಎಲ್ಲ ಕಲ್ಲುಗಳೂ ರಾಜರ ದೊಡ್ಡ ಯುದ್ಧದಲ್ಲಿ ಸತ್ತವರವಲ್ಲ. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನಿಗೂ ಕಲ್ಲು ನೆಟ್ಟರು. ಹುಲಿಯ ಜೊತೆ, ಹಂದಿಯ ಜೊತೆ ಹೋರಾಡಿ ಸತ್ತವನಿಗೂ ನೆಟ್ಟರು. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ತೀರ ಹಳೆಯ ಬರಹವೂ ಬೇಗೂರಿನಲ್ಲಿರುವ ಇಂಥದೇ ಒಂದು ಕಲ್ಲು. ಸುಮಾರು 890ನೇ ಇಸವಿಯದು. ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ನೆನೆಯುವ ಕಲ್ಲು ಅದು. ಇವತ್ತು ಕೋಟಿಗೂ ಹೆಚ್ಚು ಜನ ಇರುವ ಊರಿನ ಹೆಸರನ್ನು ಒಬ್ಬ ಸೈನಿಕನ ಕಲ್ಲು ಕಾಪಾಡಿಕೊಂಡು ಬಂತು.

ಇನ್ನೊಂದು ಕಲ್ಲು ನನಗೆ ತುಂಬ ಇಷ್ಟ. ಮದ್ದೂರು ತಾಲ್ಲೂಕಿನ ಆತಕೂರಿನದು, ಸುಮಾರು 949ನೇ ಇಸವಿಯದು. ಗಂಗರ ದೊರೆ ಬೂತುಗನ ಸೇವೆಯಲ್ಲಿದ್ದ ಮಣಲೆರನಿಗೆ ಕಾಳಿ ಎಂಬ ಬೇಟೆನಾಯಿ ಇತ್ತು. ಯುದ್ಧದಲ್ಲಿ ಮೆರೆದದ್ದಕ್ಕೆ ಏನು ಬೇಕು ಅಂತ ಒಡೆಯ ಕೇಳಿದಾಗ ಅವನು ಬೇಡಿ ಪಡೆದದ್ದು ಅದನ್ನೇ. ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೆರ ಕಾಳಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಅಂತಲೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಕಡೆ ಬಂದಾಗ ಬನ್ನಿ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನಂಬಿ ಜೊತೆಗಿದ್ದ ಒಂದು ನಾಯಿಗೆ ಸಾವಿರ ವರ್ಷ ಉಳಿಯುವ ಕಲ್ಲು ನೆಟ್ಟ ನಾಡಿನಲ್ಲಿ ನಿಮ್ಮ ತಮ್ಮನಿಗೆ ಜಾಗ ಇಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಪತ್ರದ ಜೊತೆ ನೀವು ಕಳಿಸಿದ ಬರಹದಲ್ಲಿ ‘ಭಾರತಾಂಬೆಯ ವೀರಪುತ್ರ, ಅಮರ ಜ್ಯೋತಿ’ ಅಂತೆಲ್ಲ ಇದೆ. ಅವು ಒಳ್ಳೆಯ ಮಾತುಗಳೇ. ಆದರೆ ಯಾವ ಸೈನಿಕನ ಕಲ್ಲಿನ ಮೇಲೆ ಹಾಕಿದರೂ ಹೊಂದುತ್ತವೆ. ನೂರು ವರ್ಷ ಕಳೆದ ಮೇಲೆ ಆ ಬದುವಿನ ಮೇಲೆ ನಡೆದುಹೋಗುವ ಮಗು ಅದನ್ನು ಓದಿದರೆ ನಿಮ್ಮ ತಮ್ಮ ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲು ಅವನ ಪೂರ್ತಿ ಹೆಸರು ಹಾಕಿ. ಅಪ್ಪನ ಹೆಸರಿನ ಜೊತೆ ಅವ್ವನ ಹೆಸರೂ ಇರಲಿ. ಹುಟ್ಟಿದ ದಿನ, ಊರು. ಆಮೇಲೆ ಹುದ್ದೆ, ರೆಜಿಮೆಂಟ್, ಸೇನಾ ಸಂಖ್ಯೆ. ಸಂಖ್ಯೆ ಯಾಕೆ ಅಂತೀರಾ? 19 ಕುಮಾಊಂ ಬೆಟಾಲಿಯನ್ನಿನ ಚಂದ್ರಶೇಖರ ಹರ್ಬೋಲಾ 1984ರ ಮೇ ತಿಂಗಳಲ್ಲಿ ಸಿಯಾಚಿನ್‌ನ ಹಿಮದಲ್ಲಿ ಕಾಣೆಯಾದರು. ಅವರ ದೇಹ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. 38 ವರ್ಷ! ಗುರುತು ಹಿಡಿದದ್ದು ಅವರ ಸಂಖ್ಯೆ ಕೊರೆದ ಲೋಹದ ಬಿಲ್ಲೆಯಿಂದ. ಅವರ ಹೆಂಡತಿ ಅಷ್ಟು ವರ್ಷ ಕಾದಿದ್ದರು.

ತೀರಿಕೊಂಡ ದಿನ ಮತ್ತು ಜಾಗವನ್ನೂ ಹಾಕಿ. ಹೇಗೆ ಅನ್ನುವುದನ್ನು ಮುಚ್ಚಿಡಬೇಡಿ. ‘ಕರ್ತವ್ಯದ ಮೇಲೆ ಹೋಗುವಾಗ ಲಾರಿ ಕಮರಿಗೆ ಬಿದ್ದು ಪ್ರಾಣ ಬಿಟ್ಟನು’ ಅಂತ ಇದ್ದದ್ದು ಇದ್ದಂತೆ ಬರೆಸಿ. ಹುತಾತ್ಮ ಅನ್ನುವ ಪದ ನಿಮಗೆ ಬೇಕು ಅನ್ನಿಸಿದರೆ ಹೆಸರಿನ ಹಿಂದೆಯೇ ಹಾಕಿ.

ಕೊನೆಯ ಸಾಲಾಗಿ ಇದನ್ನು ಸೇರಿಸಬಹುದಾ, ನೋಡಿ: ‘ರಜೆಗೆ ಬಂದಾಗಲೆಲ್ಲ ಓಣಿಯ ಮನೆಮನೆಗೂ ಸೋಪು ಹಂಚುತ್ತಿದ್ದನು.’

ಅವ್ವನಿಗೆ ಓದಿ ಹೇಳಿ, ಅವರು ಹ್ಞೂಂ ಅಂದರೆ ಮಾತ್ರ ಹಾಕಿ. ಬೇಡ ಅಂದರೆ ಬೇಡ. ನೀವು ಕಳಿಸಿದ ಬರಹದಲ್ಲಿ ರೆಜಿಮೆಂಟಿನ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇದೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರಲ್ಲ, ಅದನ್ನು ನೋಡಿ ಸರಿಮಾಡಿ. ಕಲ್ಲುಕುಟಿಗರ ಕೈಗೆ ಕೊಡುವ ಮೊದಲು ಒಂದು ಪ್ರತಿ ನನಗೆ ಕಳಿಸಿ. ನಮ್ಮ ಕರಡು ತಿದ್ದುವವರು ಮತ್ತು ನಾನು ಇಬ್ಬರೂ ಒಂದೊಂದು ಅಕ್ಷರ ನೋಡಿ, ಎರಡೇ ದಿನದಲ್ಲಿ ವಾಪಸ್ ಕಳಿಸುತ್ತೇವೆ.

— ಸಂಪಾದಕ