ಜಾಝ್ ಬೇಸ್ ಪಿಕಪ್ ಮೊದಲಿನ ವೈರಿಂಗ್‌ಗೆ: ಬಿಚ್ಚುವ ಮೊದಲು ಅಳೆಯಿರಿ

ವೈರಿಂಗನ್ನು ಮೊದಲಿನ ಹಾಗೆ ಮಾಡುವುದು ಹೇಗೆ ಅಂತ ಕೇಳಿ ನೀವು ಹಾಕಿರುವ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹಳೆಯ ಜಾಝ್ ಬೇಸ್, ಅಂದರೆ ಫೆಂಡರ್ ಕಂಪನಿಯ ಎರಡು ಪಿಕಪ್‌ನ ಬೇಸ್ ಗಿಟಾರ್ (ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ, ಮ್ಯಾಗ್ನೆಟ್ ಸುತ್ತ ವೈರ್ ಸುತ್ತಿದ ಭಾಗ). ಹಿಂದೆ ಇಟ್ಟುಕೊಂಡಿದ್ದವರು ಒಂದು ವಾಲ್ಯೂಮ್ ಜಾಗದಲ್ಲಿ ಪುಶ್-ಪುಲ್ ಪಾಟ್ ಕೂರಿಸಿದ್ದಾರೆ (ಪಾಟ್ ಅಂದರೆ ನಾಬ್ ಕೆಳಗಿನ ಮೂರು ಕಾಲಿನ ರೆಸಿಸ್ಟರ್; ಇದನ್ನು ಎಳೆದು ಒತ್ತಿದರೆ ಸ್ವಿಚ್ ಕೂಡ ಆಗುತ್ತದೆ). ಯಾವಾಗಲೋ ಒಂದು ಪ್ರಿಆಂಪ್ (ಸದ್ದು ಹೆಚ್ಚಿಸುವ ಬ್ಯಾಟರಿ ಸರ್ಕ್ಯೂಟ್) ಬಂದು ಹೋಗಿದೆ, ಅದರ ಬ್ಯಾಟರಿ ಕ್ಲಿಪ್ ಇನ್ನೂ ಒಳಗೆ ನೇತಾಡುತ್ತಿದೆ. ಪಿಕಪ್ ವೈರ್‌ಗಳನ್ನು ಗಿಡ್ಡ ಕತ್ತರಿಸಿದ್ದಾರೆ. ಒಂದೊಂದೇ ಪಿಕಪ್ ಸರಿ ಕೇಳುತ್ತದೆ, ಎರಡನ್ನೂ ಪೂರ್ತಿ ತೆರೆದರೆ ಮೂಗಿನಲ್ಲಿ ಹಾಡಿದ ಹಾಗೆ ತೆಳ್ಳಗಾಗುತ್ತದೆ ಅಂತ ಬರೆದಿದ್ದೀರಿ. ಹೊಸ ಪಿಕಪ್ ಹಾಕಿಬಿಡಿ ಅಂತ ಮೇಲೆ ಮೂರು ಜನ ಹೇಳಿಯೂ ಆಯಿತು.

ಹಾಕಬೇಡಿ. ಒಂದೊಂದೇ ಸರಿ ಕೇಳುತ್ತದೆ ಅಂದ ಮೇಲೆ ಎರಡೂ ಪಿಕಪ್‌ನ ಕಾಯಿಲ್ (ವೈರ್ ಸುತ್ತು) ಜೀವಂತ ಇವೆ. ತರಲೆ ಇರುವುದು ಬಹುಶಃ ಪಿಕಪ್ ಹೊರಗೆ. ಇಂಥ ಬೇಸ್‌ಗಳಲ್ಲಿ ಹೆಚ್ಚಿನ ಬದಲಾವಣೆ ನಾಬ್‌ಗಳು ಕೂತ ಪ್ಲೇಟ್ ಕೆಳಗೇ ಆಗಿರುತ್ತದೆ, ಪಿಕಪ್ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಸೋಲ್ಡರಿಂಗ್ ಐರನ್ ಬಿಸಿಗೆ ಇಡುವ ಮೊದಲು ಈಗ ಇರುವ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ವೈರ್ ಯಾವ ಕಾಲಿಗೆ, ಅಷ್ಟು ಸಾಕು. ಫೋಟೋ ಇದೆಯಲ್ಲ ಅಂತ ಬಿಡಬೇಡಿ. ಫೋಟೋದಲ್ಲಿ ಪಾಟ್ ಹಿಂದೆ ಹೋದ ಕರಿ ವೈರ್ ಯಾವತ್ತೂ ಕಾಣುವುದಿಲ್ಲ.

ಆಮೇಲೆ ಬೇಸ್‌ಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ, 20 ಕಿಲೋ ಓಮ್ ರೇಂಜಿನಲ್ಲಿ. ಜಾಝ್ ಬೇಸ್ ಪಿಕಪ್ ಒಂದೊಂದೂ ಸುಮಾರು 7ರಿಂದ 8 ಕಿಲೋ ಓಮ್ ಇರುತ್ತದೆ. ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ 3.6-3.8ರ ಆಸುಪಾಸು ಬಂದರೆ ಪಿಕಪ್‌ಗಳು ಪ್ಯಾರಲಲ್‌ನಲ್ಲಿವೆ (ಅಕ್ಕಪಕ್ಕ ಕಟ್ಟಿದ ಹಾಗೆ), ಮೂಲದಲ್ಲಿದ್ದ ಹಾಗೇ. 15ರ ಹತ್ತಿರ ಬಂದರೆ ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೊಂದು. ನಿಮ್ಮ ಪುಶ್-ಪುಲ್ ಅನ್ನು ಎಳೆದು ಒಮ್ಮೆ, ಒತ್ತಿ ಒಮ್ಮೆ ನೋಡಿ. ಸಂಖ್ಯೆ ಹೀಗೆ ಬದಲಾದರೆ ಅದು ಸೀರೀಸ್-ಪ್ಯಾರಲಲ್ ಸ್ವಿಚ್. ಸಂಖ್ಯೆ ಬದಲಾಗದೆ ಸದ್ದು ಮಾತ್ರ ಬದಲಾದರೆ ಬಹುಶಃ ಫೇಸ್ ಸ್ವಿಚ್, ಅಂದರೆ ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡುವ ಸ್ವಿಚ್. ಆಗ ನಿಮ್ಮ ತೊಂದರೆಯ ಮೂಲ ಅಲ್ಲೇ ಸಿಕ್ಕಿತು ಅನ್ನಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯಾರೋ 7.5 ಅಂದರು, ನಿಮಗೆ 7.8 ಬಂತು ಅಂತ ಗಾಬರಿ ಬೇಡ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 7.5 ಇದ್ದದ್ದು 30 ಡಿಗ್ರಿಯಲ್ಲಿ 7.8 ಆಗುವುದು ಸಹಜ.

ಈಗ ಮುಖ್ಯ ವಿಷಯ, ಆ ಮೂಗಿನ ಸದ್ದು. ಜಾಝ್ ಬೇಸ್‌ನ ಎರಡು ಪಿಕಪ್‌ಗಳಲ್ಲಿ ಒಂದರ ಮ್ಯಾಗ್ನೆಟ್ ಇನ್ನೊಂದಕ್ಕೆ ಉಲ್ಟಾ, ಕಾಯಿಲ್ ಸುತ್ತಿರುವ ದಿಕ್ಕೂ ಉಲ್ಟಾ. ತಂತಿಯ ಸದ್ದಿಗೆ ಎರಡು ಉಲ್ಟಾ ಸೇರಿ ಒಂದು ಸೀದಾ ಆಗುತ್ತದೆ, ಹಾಗಾಗಿ ಸದ್ದು ಕೂಡುತ್ತದೆ. ಹೊರಗಿನಿಂದ ಬರುವ ಹಮ್‌ಗೆ (ಕರೆಂಟಿನ ಗುಂಯ್ ಸದ್ದಿಗೆ) ಮ್ಯಾಗ್ನೆಟ್ ಲೆಕ್ಕಕ್ಕಿಲ್ಲ, ಸುತ್ತಿನ ದಿಕ್ಕು ಮಾತ್ರ ಲೆಕ್ಕ. ಹಾಗಾಗಿ ಹಮ್ ಕಳೆದುಹೋಗುತ್ತದೆ. ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಗುಂಯ್ ಅನ್ನುವುದು ನಿಲ್ಲುವುದು ಇದಕ್ಕೇ.

ಇಷ್ಟು ತಿಳಿದರೆ ಕಿವಿಯಿಂದಲೇ ಅರ್ಧ ಪತ್ತೇದಾರಿಕೆ ಆಗುತ್ತದೆ. ಎರಡೂ ತೆರೆದಾಗ ಸದ್ದು ತುಂಬಿದೆ, ಹಮ್ ಇಲ್ಲ: ಎಲ್ಲ ಸರಿ. ಸದ್ದು ತೆಳ್ಳಗೆ, ಹಮ್ ಜಾಸ್ತಿ: ಒಂದು ಪಿಕಪ್‌ನ ಎರಡು ವೈರ್ ಅದಲುಬದಲಾಗಿವೆ, ಮರಳಿ ಬದಲಿಸಿದರೆ ಮುಗಿಯಿತು. ಸದ್ದು ತುಂಬಿದೆ ಆದರೆ ಹಮ್ ಹೋಗುತ್ತಿಲ್ಲ: ಎರಡೂ ಒಂದೇ ಥರದ ಪಿಕಪ್, ಅಂದರೆ ಯಾವುದೋ ಒಂದು ಮೂಲದ್ದಲ್ಲ. ಸದ್ದು ತೆಳ್ಳಗೆ, ಹಮ್ಮೂ ಇಲ್ಲ: ಇದು ಕಷ್ಟದ ಕೇಸು. ಸುತ್ತು ಉಲ್ಟಾ ಇದೆ, ಮ್ಯಾಗ್ನೆಟ್ ಮಾತ್ರ ಒಂದೇ ಕಡೆಗಿದೆ. ವೈರ್ ಬದಲಿಸಿದರೆ ಸದ್ದು ತುಂಬುತ್ತದೆ, ಆದರೆ ಹಮ್ ಮರಳಿ ಬರುತ್ತದೆ. ಎರಡೂ ಬೇಕು ಅಂದರೆ ಮ್ಯಾಗ್ನೆಟ್ ಮರು ಚಾರ್ಜ್ ಮಾಡುವವರ ಹತ್ತಿರವೇ ಹೋಗಬೇಕು. ನಿಮ್ಮದು ತೆಳ್ಳಗೆ ಅಂತ ಬರೆದಿದ್ದೀರಿ, ಹಮ್ ಏನಾಗುತ್ತದೆ ಅಂತ ಬರೆದಿಲ್ಲ. ಅದೊಂದು ನೋಡಿ.

ಕಿವಿಯನ್ನು ನಂಬಲಾಗದಿದ್ದರೆ ಸ್ಕ್ರೂಡ್ರೈವರ್ ಪರೀಕ್ಷೆ ಇದೆ. ಪಿಕಪ್‌ನ ಹಾಟ್ ವೈರ್, ಅಂದರೆ ಸದ್ದು ಒಯ್ಯುವ ಬಿಳಿ ವೈರ್ ಅನ್ನು ಪಾಟ್‌ನಿಂದ ಬಿಡಿಸಿ. ಬಿಳಿಗೆ ಮೀಟರಿನ ಕೆಂಪು, ಕರಿಗೆ ಕರಿ. ಓಮ್ ರೇಂಜಿನಲ್ಲೇ ಇರಲಿ. ಕಬ್ಬಿಣದ ಸ್ಕ್ರೂಡ್ರೈವರ್ ತುದಿಯನ್ನು ಮ್ಯಾಗ್ನೆಟ್ ಕಡ್ಡಿಯ ತಲೆಗೆ ಟಕ್ ಅಂತ ತಾಗಿಸಿ. ಸಂಖ್ಯೆ ಒಂದು ಕ್ಷಣ ಮೇಲೆ ಹಾರುತ್ತದೆ ಅಥವಾ ಕೆಳಗೆ ಬೀಳುತ್ತದೆ. ತೆಗೆದಾಗ ಅದಕ್ಕೆ ವಿರುದ್ಧ. ಎರಡೂ ಪಿಕಪ್ ತಾಗಿಸಿದಾಗ ಒಂದೇ ದಿಕ್ಕಿಗೆ ಹಾರಿದರೆ ಫೇಸ್ ಸರಿ, ಎರಡರ ಸದ್ದೂ ಕೂಡುತ್ತದೆ. ಬೇರೆ ಬೇರೆ ಕಡೆಗೆ ಹೋದರೆ ಒಂದರ ವೈರ್ ತಿರುಗಿಸಬೇಕು. ಹಳೇ ಕಾಲದ ಮುಳ್ಳಿನ ಮೀಟರ್ ಇದ್ದರೆ ಇನ್ನೂ ಚೆಂದ ಕಾಣುತ್ತದೆ. ಮ್ಯಾಗ್ನೆಟ್ ದಿಕ್ಕು ನೋಡಲು ಸಣ್ಣ ದಿಕ್ಸೂಚಿ ಸಾಕು. ಒಂದು ಪಿಕಪ್‌ಗೆ ಉತ್ತರದ ಮುಳ್ಳು ಬಂದರೆ ಇನ್ನೊಂದಕ್ಕೆ ದಕ್ಷಿಣದ್ದು ಬರಬೇಕು. ತೀರಾ ಹತ್ತಿರ ಹಿಡಿಯಬೇಡಿ, ದಿಕ್ಸೂಚಿಯೇ ಕೆಟ್ಟೀತು.

ವೈರ್ ತಿರುಗಿಸುವ ಮೊದಲು ಪಿಕಪ್‌ಗೆ ಕಾಪರ್ ಟೇಪ್ ಸುತ್ತಿದ್ದಾರಾ ನೋಡಿ. ಟೇಪನ್ನು ಕರಿ ವೈರ್‌ಗೆ ಬೆಸೆದಿದ್ದರೆ, ತಿರುಗಿಸಿದಾಗ ಟೇಪ್ ಹಾಟ್ ಆಗಿ ರೇಡಿಯೋ ಏರಿಯಲ್ ಥರ ಕೆಲಸ ಮಾಡುತ್ತದೆ. ಟೇಪ್‌ನ ಕೊಂಡಿ ಬಿಡಿಸಿ, ಬೇರೆ ವೈರ್‌ನಿಂದ ಗ್ರೌಂಡ್‌ಗೆ (ಪಾಟ್ ಬೆನ್ನಿಗೆ) ಕೊಡಿ.

ಪುಶ್-ಪುಲ್ ತೆಗೆಯುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಸೀರೀಸ್ ಮಾಡಬೇಕಾದರೆ ಒಂದು ಪಿಕಪ್‌ನ ಕರಿ ವೈರ್ ಗ್ರೌಂಡ್ ಬಿಟ್ಟು ಸ್ವಿಚ್‌ಗೆ ಹೋಗಿರಲೇಬೇಕು. ಸ್ವಿಚ್ ಕಿತ್ತವರು ಬಿಳಿಯನ್ನು ನೆನಪಿಟ್ಟು ಹಾಕುತ್ತಾರೆ, ಈ ಕರಿಯನ್ನು ಮರೆಯುತ್ತಾರೆ. ಆಮೇಲೆ ‘ಒಂದು ಪಿಕಪ್ ಸತ್ತುಹೋಯಿತು’ ಅಂತ ಪೋಸ್ಟ್ ಬರುತ್ತದೆ. ಆ ಕರಿ ವೈರ್ ಮರಳಿ ಪಾಟ್ ಬೆನ್ನಿಗೆ ಬರಬೇಕು.

ಪಾಟ್‌ಗಳನ್ನೂ ಅಳೆಯಿರಿ, ಎಲ್ಲ ವೈರ್ ಬಿಡಿಸಿ, ಆಚೆ ಈಚೆ ಕಾಲುಗಳ ನಡುವೆ. 250 ಕಿಲೋ ಓಮ್ ಅಂತ ಬರೆದದ್ದು 200ರಿಂದ 300ರವರೆಗೆ ಎಲ್ಲಾದರೂ ಬರಬಹುದು, ಪರವಾಗಿಲ್ಲ. 25 ಬಂದರೆ ಅದು ಆಕ್ಟಿವ್ (ಬ್ಯಾಟರಿ ಬೇಕಾದ) ಪಿಕಪ್ ಕಾಲದ ಉಳಿಕೆ. ಅದರ ಮೇಲೆ ಮಾಮೂಲಿ ಪಿಕಪ್ ಕಟ್ಟಿದರೆ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಪಾಟ್ ಕವಚದ ಮೇಲಿನ ಅಂಕಿಯನ್ನೂ ಓದಿ. 137ರಿಂದ ಶುರುವಾದರೆ ಸಿಟಿಎಸ್ ಕಂಪನಿಯದು, 304 ಆದರೆ ಸ್ಟ್ಯಾಕ್‌ಪೋಲ್ ಕಂಪನಿಯದು. 1376633 ಅಂತಿದ್ದರೆ 1966ರ 33ನೇ ವಾರದ್ದು. ಬೇಸ್ ಆ ಕಾಲದ್ದೇ ಆಗಿದ್ದರೆ ಆ ಪಾಟ್ ಕರಕರ ಅಂದರೂ ಬಿಸಾಡಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ, ಎಷ್ಟೋ ಸಲ ಸರಿಹೋಗುತ್ತದೆ.

ಇನ್ನು ಜೋಡಿಸುವುದು. 1960ರಲ್ಲಿ ಬಂದ ಮೊದಲ ಜಾಝ್ ಬೇಸ್‌ಗಳಲ್ಲಿ ಒಂದರ ಮೇಲೊಂದು ಕೂತ ಜೋಡಿ ನಾಬ್‌ಗಳಿದ್ದವು, ಅದರ ವೈರಿಂಗ್ ಬೇರೆ. ನಿಮ್ಮ ಪ್ಲೇಟ್‌ನಲ್ಲಿ ಮೂರು ನಾಬ್, ಒಂದು ಜ್ಯಾಕ್ ಇರುವುದರಿಂದ ಮಾಮೂಲಿ ಎರಡು ವಾಲ್ಯೂಮ್, ಒಂದು ಟೋನ್. ಪಿಕಪ್‌ನ ಬಿಳಿ ವೈರ್ ತನ್ನ ವಾಲ್ಯೂಮ್ ಪಾಟ್‌ನ ನಡುವಿನ ಕಾಲಿಗೆ. ಒಂದು ಪಕ್ಕದ ಕಾಲು ಬಗ್ಗಿ ಪಾಟ್ ಬೆನ್ನಿಗೆ, ಅದು ಗ್ರೌಂಡ್. ಉಳಿದ ಪಕ್ಕದ ಕಾಲುಗಳು ಎರಡೂ ಸೇರಿ ಟೋನ್‌ಗೂ ಜ್ಯಾಕ್‌ನ ಮೂತಿಗೂ. ಟೋನ್ ಪಾಟ್‌ನಿಂದ ಗ್ರೌಂಡ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಹಳೆಯದರಲ್ಲಿ 0.05 ಅಂತ ಬರೆದಿರುತ್ತದೆ, ವ್ಯತ್ಯಾಸ ಕೇಳಿಸುವುದಿಲ್ಲ. ಬೇರೆ ಗಿಟಾರ್ ಕಟ್ಟಿ ಅಭ್ಯಾಸ ಇರುವವರು ಬಿಳಿ ವೈರನ್ನು ಪಕ್ಕದ ಕಾಲಿಗೆ ಹಾಕಿಬಿಡುತ್ತಾರೆ. ಆಗ ಒಂದು ವಾಲ್ಯೂಮ್ ಸೊನ್ನೆಗೆ ತಂದರೆ ಇಡೀ ಬೇಸ್ ಬಾಯಿ ಮುಚ್ಚುತ್ತದೆ. ಕೇಬಲ್ ತುದಿಯ ಮೀಟರ್ ಕೂಡ ಸೊನ್ನೆ ತೋರಿಸುತ್ತದೆ. ಸರಿಯಾಗಿದ್ದರೆ ಒಂದನ್ನು ಇಳಿಸಿದಾಗ ಇನ್ನೊಂದು ಪಿಕಪ್‌ನ 7 ಚಿಲ್ಲರೆ ಕಾಣಬೇಕು.

ಪ್ರಿಆಂಪ್ ಜತೆ ಬಂದ ಸ್ಟೀರಿಯೋ ಜ್ಯಾಕ್ ಹಾಗೇ ಇದ್ದರೂ ನಡೆಯುತ್ತದೆ. ಬ್ಯಾಟರಿಯ ಕರಿ ವೈರ್ ಕೂತಿದ್ದ ರಿಂಗ್ ಕಾಲನ್ನು ಖಾಲಿ ಬಿಡಿ. ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ) ಕೆಳಗಿನಿಂದ ಬರುವ ಗ್ರೌಂಡ್ ವೈರ್ ಇದೆಯಾ ನೋಡಿ. ಪ್ರಿಆಂಪ್ ಹಾಕುವವರು ಅದನ್ನು ಕತ್ತರಿಸಿ ಬಿಟ್ಟಿರುವುದುಂಟು. ತಂತಿ ಮುಟ್ಟಿದಾಗ ಹಮ್ ಕಡಿಮೆ ಆಗದಿದ್ದರೆ ಅನುಮಾನ ಅದರ ಮೇಲೇ.

ಗಿಡ್ಡ ವೈರ್‌ಗಳಿಗೆ ಪಿಕಪ್ ಕೆಳಗಿನ ಕಣ್ಣಿನಿಂದ (ವೈರ್ ಬೆಸೆಯುವ ಸಣ್ಣ ಲೋಹದ ತೂತಿನಿಂದ) ಹೊಸ ವೈರ್ ಹಾಕಲು ಹೋಗಬೇಡಿ. ಕಾಯಿಲ್ ತುದಿ ಬಂದು ಬೆಸೆದಿರುವುದು ಆ ಕಣ್ಣಿಗೇ, ಆ ವೈರ್ ಸುಮಾರು 0.06 ಮಿಲಿಮೀಟರ್ ದಪ್ಪ, ತಲೆಕೂದಲಿಗೆ ಸಮ. ಐರನ್ ತಾಗಿ ಅದು ಒಮ್ಮೆ ಬಿಟ್ಟರೆ ಹಿಡಿದು ಕೂರಿಸಲು ಭೂತಗನ್ನಡಿ ಬೇಕು. ಉಳಿದ ತುಂಡು ಒಂದು ಸೆಂಟಿಮೀಟರ್ ಇದ್ದರೂ ಸಾಕು, ಅಲ್ಲೇ ಹೊಸೆದು ಬೆಸೆದು ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿ. ಬಟ್ಟೆ ಹೊದಿಕೆಯ ವೈರ್ ಆದರೆ ಸುಲಿಯಬೇಡಿ, ಹೊದಿಕೆಯನ್ನು ಹಿಂದಕ್ಕೆ ತಳ್ಳಿದರೆ ಸಾಕು. ಪಾಟ್ ಬೆನ್ನಿಗೆ ಬೆಸೆಯಲು 40 ವ್ಯಾಟ್ ಐರನ್ ಹಿಡಿಯಿರಿ. ಸಣ್ಣ ಐರನ್ ಹಿಡಿದು ಅರ್ಧ ನಿಮಿಷ ಬೇಯಿಸುವುದಕ್ಕಿಂತ ದೊಡ್ಡದರಲ್ಲಿ ನಾಲ್ಕೈದು ಸೆಕೆಂಡಿಗೆ ಮುಗಿಸುವುದು ಪಾಟ್‌ಗೆ ಒಳ್ಳೆಯದು.

ಮ್ಯಾಗ್ನೆಟ್ ಕಡ್ಡಿಗಳನ್ನು ಒತ್ತಬೇಡಿ. ಜಿ ತಂತಿ ಜೋರಾಗಿದೆ ಅಂತ ನಾನು ಒಮ್ಮೆ ಒಂದು ಹಳೆಯ ಪಿಕಪ್‌ನ ಕಡ್ಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿದೆ. ಒಂದು ಮಿಲಿಮೀಟರ್ ಕೂಡ ಇಳಿದಿರಲಿಲ್ಲ. ಕಾಯಿಲ್ ಕಡ್ಡಿಯ ಮೈಗೇ ಸುತ್ತಿತ್ತು, ಒಳಗಿನ ಸುತ್ತು ಕಡಿಯಿತು, ಮೀಟರ್ ಓಪನ್ ತೋರಿಸಿತು. ಮೂಲ ಪಿಕಪ್ ಉಳಿಸಲು ಹೊರಟವನು ಅದನ್ನು ಮರು ಸುತ್ತಿಸಿಕೊಂಡು ಬಂದೆ.

ನಡುವೆ ಒಬ್ಬರು ತಮ್ಮ ಪ್ರಿಸಿಷನ್ ಬೇಸ್ (ಫೆಂಡರ್‌ನದೇ ಇನ್ನೊಂದು ಮಾದರಿ) ಬಗ್ಗೆ ಕೇಳಿದ್ದಾರೆ. 1957ರಿಂದ ಬಂದ ಎರಡು ತುಂಡಿನ ಪಿಕಪ್ ಮೂಲದಲ್ಲೇ ಸೀರೀಸ್, ಒಟ್ಟು 10-11 ಕಿಲೋ ಓಮ್. ನಿಮಗೆ ಎರಡೂವರೆ ಚಿಲ್ಲರೆ ಬರುತ್ತಿದ್ದರೆ ಯಾರೋ ಪ್ಯಾರಲಲ್ ಮಾಡಿದ್ದಾರೆ. ಹಾಗಂತ ಸೀರೀಸ್ ಅಂದರೇ ಮೂಲ ಅಂತ ಎಲ್ಲ ಕಡೆ ಅಂದುಕೊಳ್ಳಬೇಡಿ. 1976ರ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್‌ನಲ್ಲಿ ಎರಡು ಕಾಯಿಲ್ ಹುಟ್ಟಾ ಪ್ಯಾರಲಲ್. ನಾಲ್ಕು ವೈರಿನ ಪಿಕಪ್ ಇರುವವರು ಬಣ್ಣ ನಂಬಿ ಬೆಸೆಯಬೇಡಿ. ಸೇಮೋರ್ ಡಂಕನ್ ಕಂಪನಿಯ ಪಿಕಪ್‌ನಲ್ಲಿ ಕರಿ ಹಾಟ್, ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಅಲ್ಲಿ ಕರಿ ಇರುವುದು ಬಿಳಿಯ ಜತೆ ಜೋಡಿಸಲು. ಯಾವ ಎರಡು ವೈರ್ ನಡುವೆ ರೆಸಿಸ್ಟೆನ್ಸ್ ಬರುತ್ತದೆ ಅಂತ ಮೀಟರಿನಲ್ಲೇ ಜೋಡಿ ಹುಡುಕಿಕೊಳ್ಳಿ.

ತೆಗೆದ ಪುಶ್-ಪುಲ್, ಬದಲಿಸಿದ್ದರೆ ಸ್ಟೀರಿಯೋ ಜ್ಯಾಕ್, ತುಂಡು ವೈರ್ ಎಲ್ಲವನ್ನೂ ಒಂದು ಕವರಿಗೆ ಹಾಕಿ ಕೇಸ್‌ನಲ್ಲೇ ಇಡಿ. ಪ್ಲೇಟ್ ಸ್ಕ್ರೂ ಬಿಗಿಯುವ ಮೊದಲು ಒಮ್ಮೆ ಆಂಪ್‌ಗೆ ಹಾಕಿ ನುಡಿಸಿ. ಅದಕ್ಕೂ ಮೊದಲು ಮೂರು ಸಂಖ್ಯೆ ಇಲ್ಲಿ ಹಾಕಿ: ಒಂದೊಂದು ಪಿಕಪ್‌ನ ರೆಸಿಸ್ಟೆನ್ಸ್, ಎರಡೂ ತೆರೆದಾಗ ಕೇಬಲ್ ತುದಿಯಲ್ಲಿ ಬಂದದ್ದು. ಜತೆಗೆ ಸ್ಕ್ರೂಡ್ರೈವರ್ ತಾಗಿಸಿದಾಗ ಯಾವುದು ಮೇಲೆ ಹಾರಿತು, ಯಾವುದು ಕೆಳಗೆ ಬಿತ್ತು ಅಂತ ಬರೆಯಿರಿ. ಯಾವ ವೈರ್ ಎಲ್ಲಿಗೆ ಅಂತ ಚಿತ್ರ ಬಿಡಿಸಿ ಹಾಕುತ್ತೇನೆ.