ಮೂಳೆ ಮುರಿತದ ಶಸ್ತ್ರಚಿಕಿತ್ಸೆ ಎಂದರೆ ಮುರಿದದ್ದನ್ನು ಕೂಡಿಸುವುದಷ್ಟೆಯೇ?

ಅಪಘಾತದಲ್ಲಿ ಮುರಿದ ಮೂಳೆಗಳಿಗೆ ಶಸ್ತ್ರಚಿಕಿತ್ಸೆ ಮಾಡುವವರ ಕೆಲಸ ಸರಳು, ಸ್ಕ್ರೂ, ಪ್ಲೇಟುಗಳಿಂದ ಮುರಿದದ್ದನ್ನು ಕೂಡಿಸುವುದಷ್ಟೆಯೇ, ಅದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ವೈದ್ಯಕೀಯ ಓದುತ್ತಿರುವ ನೀವು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಹದಿನಾರು ವರ್ಷಗಳಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಮೂಳೆ ಕೂಡಿಸುವುದು ನಾಲ್ಕೈದು ವರ್ಷಗಳಲ್ಲಿ ಕೈಗೆ ಹತ್ತಿತು. ಆದರೆ ಯಾವ ಗಾಯ ಒಂದು ಗಂಟೆಯೂ ಕಾಯಲಾರದು, ಯಾವುದನ್ನು ಹತ್ತು ದಿನ ಕೊಯ್ಯಲೇಬಾರದು ಎಂಬುದು ತಿಳಿಯಲು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಮೂಳೆಗೆ ರಕ್ತ ಒದಗಿಸುವುದೂ ಅದನ್ನು ಸೋಂಕಿನಿಂದ ಕಾಯುವುದೂ ಸುತ್ತಲಿನ ಮಾಂಸ ಮತ್ತು ಚರ್ಮ. ಅವುಗಳ ಸ್ಥಿತಿಯನ್ನು ಎಕ್ಸ್‌ರೇ ಹೇಳುವುದಿಲ್ಲ, ಕೈಯಿಂದ ಮುಟ್ಟಿ ನೋಡಿಯೇ ತಿಳಿಯಬೇಕು.

ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಮರದಿಂದ ಬಿದ್ದವರು ಬರತೊಡಗುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಗಾಲದಲ್ಲಿ ಪಾಚಿಗಟ್ಟಿದ ಮರ ಹತ್ತಿ ಜಾರಿದವರು ಅದಕ್ಕೂ ಮೊದಲೇ ಬಂದಿರುತ್ತಾರೆ. ಕಾಲೂರಿ ಬಿದ್ದ ಕೊನೆಗಾರನ, ಅಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವವನ, ಹಿಮ್ಮಡಿಯ ಮೂಳೆ ಪುಡಿಯಾಗುತ್ತದೆ. ಅದೇ ಪೆಟ್ಟು ಮೇಲಕ್ಕೇರಿ, ಎದೆಯ ಹಿಂಬದಿಯ ಬೆನ್ನುಮೂಳೆ ಸೊಂಟದ ಭಾಗವನ್ನು ಸೇರುವಲ್ಲಿ ಒಂದು ಮಣಿಯನ್ನು ಜಜ್ಜಬಹುದು. ಹಿಮ್ಮಡಿಯ ನೋವಿನ ಮುಂದೆ ಆತ ಬೆನ್ನಿನ ಮಾತೆತ್ತುವುದಿಲ್ಲ. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುವುದರಿಂದ, ಆತ ಹೇಳಲಿ ಬಿಡಲಿ, ನಾವು ಬೆನ್ನನ್ನು ಪರೀಕ್ಷಿಸಲೇಬೇಕು. ಇಂಥವರನ್ನು ಬೈಕಿನ ನಡುವೆ ಕೂರಿಸಿಕೊಂಡು ತರುವುದನ್ನು ಇಂದಿಗೂ ಕಾಣುತ್ತೇನೆ, ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಇವತ್ತೇ ಆಪರೇಷನ್ ಮಾಡುವುದಿಲ್ಲವೇ ಎಂದು ಮನೆಯವರು ಕೇಳುತ್ತಾರೆ. ಪಾದ ಊದಿ, ಚರ್ಮ ಬಿಗಿದು ಹೊಳೆಯುತ್ತ, ನೀರುಗುಳ್ಳೆಗಳು ಎದ್ದಿರುವಾಗ ಅಲ್ಲಿ ಕೊಯ್ದರೆ ಗಾಯದ ಅಂಚುಗಳು ಕೂಡದೆ ಕೊಳೆಯುವ, ಸೋಂಕು ಮೂಳೆಗೇ ಇಳಿಯುವ ಅಪಾಯವಿದೆ. ಆದ್ದರಿಂದ ಕಾಲನ್ನು ಎತ್ತರದಲ್ಲಿಟ್ಟು, ಬಾವು ಇಳಿದು ಚರ್ಮದ ಮೇಲೆ ಸಣ್ಣ ನೆರಿಗೆಗಳು ಮೂಡುವವರೆಗೆ ವಾರವೋ ಎರಡು ವಾರವೋ ಕಾಯುತ್ತೇವೆ. ಕೂಲಿ ತಪ್ಪಿದ ಮನೆಯ ಹೆಣ್ಣುಮಗಳ ಎದುರು ಕುಳಿತು, ಏನೂ ಮಾಡದಂತೆ ಕಾಣುವ ಈ ದಿನಗಳೂ ಚಿಕಿತ್ಸೆಯೇ ಎಂದು ಮನವರಿಕೆ ಮಾಡಿಕೊಡುವುದು ನನಗೆ ಆಪರೇಷನ್ನಿಗಿಂತ ಕಷ್ಟದ ಕೆಲಸ.

ಇದಕ್ಕೆ ತೀರ ವಿರುದ್ಧವಾದ ಸ್ಥಿತಿಯೂ ಉಂಟು. ಹೊಸನಗರದ ಕಡೆಯ ಒಬ್ಬ ಹುಡುಗ ಪೇರಲ ಮರದಿಂದ ಬಿದ್ದು ಮೊಣಕೈಯ ಮೇಲ್ಭಾಗದಲ್ಲಿ ಮೂಳೆ ಮುರಿದುಕೊಂಡಿದ್ದ. ನಾಟಿ ವೈದ್ಯರೊಬ್ಬರು ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟು ಹಾಕಿದ್ದರು. ಮುರಿದ ಮೇಲೆ ನೋವು ಇದ್ದದ್ದೇ ಎಂದು, ಅವನು ರಾತ್ರಿಯಿಡೀ ಅತ್ತರೂ ಮನೆಯವರು ಕಟ್ಟನ್ನು ಬಿಚ್ಚಲಿಲ್ಲ. ನನ್ನಲ್ಲಿಗೆ ಬಂದದ್ದು ಮೂರನೆಯ ದಿನ. ಮಾಂಸಖಂಡಗಳನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ. ಒಳಗೆ ಬಾವು ಏರಿದಂತೆ, ಹೊರಗಿನಿಂದ ಕಟ್ಟೂ ಬಿಗಿದಂತೆ, ಸಣ್ಣ ರಕ್ತನಾಳಗಳು ಮುಚ್ಚಿಹೋಗಿ ಸುಮಾರು ಆರು ಗಂಟೆಗಳಲ್ಲಿ ಮಾಂಸ ಸಾಯತೊಡಗುತ್ತದೆ. ಬೆರಳನ್ನು ಮೆಲ್ಲಗೆ ನೀಳವಾಗಿಸಿದರೆ ಚೀರುವಂಥ ನೋವೇ ಮೊದಲ ಸೂಚನೆ, ಆಗ ನಾಡಿ ಮಿಡಿಯುತ್ತಲೇ ಇರಬಹುದು. ಆ ಹೊತ್ತಿನಲ್ಲಿ ಕಟ್ಟು ಬಿಚ್ಚಬೇಕು, ಅಷ್ಟಕ್ಕೂ ಇಳಿಯದಿದ್ದರೆ ಪೊರೆಯನ್ನು ಉದ್ದಕ್ಕೂ ಸೀಳಿ ಒತ್ತಡ ಇಳಿಸಬೇಕು. ಹೀಗೆ ಮಾಂಸ ಸತ್ತು ಕೈ ಸೊಟ್ಟಗಾಗುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಬರೆದಿಟ್ಟಿದ್ದಾರೆ. ಆ ಹುಡುಗನ ಮೂಳೆ ಚೆನ್ನಾಗಿಯೇ ಕೂಡಿತು, ಬೆರಳುಗಳು ಮಾತ್ರ ಕೊಕ್ಕೆಯಂತೆ ಮಡಚಿಕೊಂಡೇ ಉಳಿದವು. ನಾಟಿ ವೈದ್ಯರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನಾವು ದೂರದಲ್ಲಿದ್ದೇವೆ, ಅವರು ಹತ್ತಿರದಲ್ಲಿದ್ದಾರೆ.

ಆ ದೂರವೂ ನಮ್ಮ ಕೆಲಸದ ಭಾಗವೇ. ಶರಾವತಿ ಹಿನ್ನೀರಿನಾಚೆ ತುಮರಿಯ ಕಡೆ ರಾತ್ರಿ ಕಾಲು ಮುರಿದರೆ ಲಾಂಚ್ ಇಲ್ಲದೆ ಕಾಡುದಾರಿಯಲ್ಲಿ ಸುತ್ತಿ ಬರಬೇಕಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಸಂಕಟ ತಪ್ಪಿದೆ. ಆದರೂ ಸಾಗರದಿಂದ ಶಿವಮೊಗ್ಗಕ್ಕೇ ಸುಮಾರು 70 ಕಿಲೋಮೀಟರು. ತೊಡೆಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ ಒಳಗೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಸೋರಬಹುದು, ಅಲುಗಾಡಿದಷ್ಟೂ ಹೆಚ್ಚು. ಬಟ್ಟೆ ಸುತ್ತಿದ ಅಡಿಕೆ ದಬ್ಬೆಯನ್ನು ಸೊಂಟದಿಂದ ಪಾದದವರೆಗೆ ಇಟ್ಟು, ಬಿಗಿಯದೆ ಕಟ್ಟಿ, 108ಕ್ಕೆ ಕರೆ ಮಾಡಿದರೆ ನಮ್ಮ ಅರ್ಧ ಕೆಲಸ ಊರಿನಲ್ಲೇ ಆದಂತೆ. ಮೂಳೆ ಹೊರಬಂದ ಗಾಯಕ್ಕೆ ಕಾಫಿ ಪುಡಿ, ಅರಿಸಿನ ಒತ್ತಬಾರದು, ಶುಭ್ರವಾದ ಬಟ್ಟೆ ಮುಚ್ಚಿದರೆ ಸಾಕು. ಅಂಥ ಗಾಯಕ್ಕೆ ಆದಷ್ಟೂ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಚುಚ್ಚುಮದ್ದು ಸಿಗಬೇಕು, ಮತ್ತು ಅದನ್ನು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಿಸಿಕೊಂಡು ಬರಬಹುದು.

ಹಿಮ್ಮಡಿ ಮುರಿದ ಕೊನೆಗಾರರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಮರ ಯಾವಾಗ ಹತ್ತಬೌದು ಡಾಕ್ಟ್ರೇ?” ಹಿಮ್ಮಡಿಯ ಮೇಲಿನ ಕೀಲು ಬಿಗಿದುಕೊಂಡರೆ ಸಮನೆಲದಲ್ಲಿ ನಡೆಯಬಹುದು, ಆದರೆ ತೋಟದ ಇಳಿಜಾರಿನಲ್ಲಿ, ಕಾಲುಸಂಕದ ಮೇಲೆ ಪಾದ ಓರೆಗೆ ಹೊಂದಿಕೊಳ್ಳುವುದಿಲ್ಲ. ಅನೇಕರಿಗೆ ಇನ್ನು ಹತ್ತಬೇಡಿ ಎಂದೇ ಹೇಳಬೇಕಾಗುತ್ತದೆ. ತೀರ್ಥಹಳ್ಳಿಯ ಕಡೆಯ ಒಬ್ಬರಿಗೆ ಹಾಗೆ ಹೇಳಿದ ದಿನ ಅವರು ಒಂದು ಮಾತೂ ಆಡದೆ ಎದ್ದು ಹೋದರು. ಮರುವರ್ಷ ತಪಾಸಣೆಗೆ ಬಂದಾಗ, ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಇಳಿಸುವುದನ್ನು ಕಲಿತಿದ್ದೇನೆ, ದಿನವಿಡೀ ಮೇಲೆ ನೋಡಿ ಕುತ್ತಿಗೆ ಮಾತ್ರ ನೋಯುತ್ತದೆ ಎಂದರು. ಕುತ್ತಿಗೆಗೆ ಮಾಡಬೇಕಾದ ವ್ಯಾಯಾಮವನ್ನು ತೋರಿಸಿಕೊಟ್ಟು, ಅವರ ಹಿಮ್ಮಡಿಯನ್ನು ಮುಟ್ಟಿ ನೋಡಿದೆ. ಹೊಲಿಗೆಯ ಗೆರೆ ತೆಳ್ಳಗೆ ಕೂಡಿತ್ತು, ಚರ್ಮ ಮೆತ್ತಗಿತ್ತು.