ಗ್ಯಾಬೊರೋನ್‌ಗೆ ಬರುವ ಮುಂಚೆ

ನಮಸ್ಕಾರ. ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಹೆಂಡತಿ ಮಗಳನ್ನು ಗದಗಿನಿಂದ ಕರೆದುಕೊಂಡು ಬರಬಹುದಾ, ಆಫ್ರಿಕಾದಲ್ಲಿ ಪ್ರತಿ ಆಫೀಸಿನಲ್ಲೂ ಕೈ ಬೆಚ್ಚಗೆ ಮಾಡಬೇಕಂತೆ ಹೌದಾ ಅಂತ ಕೇಳಿದ್ದೀರಿ. ಹತ್ತೊಂಬತ್ತು ವರ್ಷದ ಹಿಂದೆ ನಾನೂ ಇದೇ ಭಯದಲ್ಲಿ ವಿಮಾನ ಹತ್ತಿದವನು.

ಬಂದ ಮೊದಲ ತಿಂಗಳು ವರ್ಕ್ ಪರ್ಮಿಟ್ ಮಾಡಿಸಲು ಸರ್ಕಾರಿ ಆಫೀಸಿಗೆ ಹೋಗಿದ್ದೆ. ಇಲ್ಲಿ ಕ್ಯೂ ಬೆಂಚಿನ ಮೇಲೆ. ಮುಂದಿನವರು ಎದ್ದರೆ ಎಲ್ಲರೂ ಒಂದೊಂದು ಜಾಗ ಜರುಗಬೇಕು. ಮೂರು ಗಂಟೆ ಜರುಗಿ ಜರುಗಿ ಕಿಟಕಿ ಮುಟ್ಟಿದೆ, ಫೈಲ್ ಒಳಗೆ ತಳ್ಳಿದೆ. ಆಯಮ್ಮ ಫೈಲ್ ಮುಟ್ಟಲೇ ಇಲ್ಲ. 'ದುಮೆಲಾ ರಾ' ಅಂದರು. ನಾನೂ ನಮಸ್ಕಾರ ಹೇಳುವ ತನಕ ಸುಮ್ನೆ ಕಾದರು. ಆಮೇಲೆ, ಒಂದು ಕಾಗದ ಕಮ್ಮಿ ಇದೆ ಅಂದರು. ಊರಿನ ಅಭ್ಯಾಸ ನೋಡಿ, 'ಏನಾದ್ರೂ ಮಾಡಕ್ಕಾಗುತ್ತಾ ಮೇಡಂ?' ಅಂತ ರಾಗ ಎಳೆದೆ. 'ಆಗುತ್ತೆ, ಕಾಗದ ತನ್ನಿ' ಅಂದರು ಅಷ್ಟೇ. ನನ್ನ ರಾಗ ಅವರಿಗೆ ಅರ್ಥವೇ ಆಗಿರಲಿಲ್ಲ.

ಲಂಚ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ 1994ರಲ್ಲಿ ಪ್ರತ್ಯೇಕ ಇಲಾಖೆ ಮಾಡಿದ್ದು. ಆದರೆ ದಿನದ ಕೆಲಸಕ್ಕೆ ನನ್ನ ಹತ್ತಿರ ಇದುವರೆಗೆ ಯಾರೂ ಕಾಸು ಕೇಳಿಲ್ಲ. ಕೆಲಸ ನಿಧಾನ, ಅದು ಬೇರೆ ಮಾತು.

ಈ ದೇಶ ಹೀಗೆ ನೆಟ್ಟಗಿರೋದು ಎಲ್ಲ ವಜ್ರದ ಮಹಿಮೆ ಅಂತ ನಮ್ಮವರು ಹೇಳ್ತಾರೆ. ವಜ್ರ ಕಾಂಗೋದಲ್ಲೂ ಇದೆ, ಸಿಯೆರಾ ಲಿಯೋನ್‌ನಲ್ಲೂ ಇದೆ, ಆದರೆ ಅಲ್ಲಿ ಹೀಗಾಗಲಿಲ್ಲ, ಅಲ್ವಾ? 1966ರಲ್ಲಿ ಸ್ವಾತಂತ್ರ್ಯ ಬಂದಾಗ ಇದು ಕಡುಬಡ ದೇಶ, ಡಾಂಬರು ರಸ್ತೆ ಇದ್ದದ್ದೇ ನಾಲ್ಕಾರು ಮೈಲಿ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ನೆಲ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನದು. ಆದರೆ ನೆಲದೊಳಗಿನದು ಯಾವ ಬುಡಕಟ್ಟಿಗೂ ಅಲ್ಲ, ಇಡೀ ದೇಶಕ್ಕೆ ಅಂತ 1967ರಲ್ಲೇ ಕಾನೂನು ಆಗಿಹೋಯಿತು. ಮುಂದೆ ವಜ್ರದ ದೊಡ್ಡ ಕಂಪನಿ ಡಿ ಬೀರ್ಸ್ ಜೊತೆಗಿನ ಗಣಿ ಕಂಪನಿಯಲ್ಲಿ ಸರ್ಕಾರದ್ದು ಅರ್ಧ ಪಾಲು. ಆ ದುಡ್ಡು ಶಾಲೆ, ಬೋರ್‌ವೆಲ್, ಹಳ್ಳಿ ಕ್ಲಿನಿಕ್ಕಿಗೆ ಹೋಯಿತು. ಏಡ್ಸ್ ಊರೂರನ್ನೇ ನುಂಗುತ್ತಿದ್ದಾಗ, 2002ರಲ್ಲಿ, ದೇಶದ ಜನಕ್ಕೆ ಔಷಧಿ ಪುಕ್ಕಟೆ ಕೊಡಲು ಶುರುಮಾಡಿದರು. ಕ್ಲಿನಿಕ್ಕು, ನರ್ಸು ಮೊದಲೇ ಇದ್ದದ್ದಕ್ಕೆ ಅದು ಹಳ್ಳಿ ತನಕ ಮುಟ್ಟಿತು. 2024ರ ಚುನಾವಣೆಯಲ್ಲಿ 58 ವರ್ಷ ಆಳಿದ ಪಕ್ಷ ಸೋತಿತು. ಗಲಾಟೆ ಆಗಬಹುದು ಅಂತ ನಾವೆಲ್ಲ ಅಕ್ಕಿ, ಎಣ್ಣೆ ತಂದಿಟ್ಟುಕೊಂಡು ಕೂತಿದ್ದೆವು. ಅಧ್ಯಕ್ಷರು ಸೋಲು ಒಪ್ಪಿ ಹೊರಟೇಬಿಟ್ಟರು. ಅಕ್ಕಿಗೆ ಹುಳ ಬಿತ್ತು, ಅದೊಂದೇ ನಷ್ಟ.

ಹಾಗಂತ ಇದು ಸ್ವರ್ಗ ಅಲ್ಲ. ಎಲ್ಲ ಒಂದೇ ಕಲ್ಲಿನ ಮೇಲೆ ನಿಂತಿದೆ. ವಜ್ರದ ವ್ಯಾಪಾರ ಬಿದ್ದು ಖಜಾನೆ ಒಣಗಿತು. 2025ರ ಆಗಸ್ಟ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಖಾಲಿಯಾಗಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಓದಿದ ಹುಡುಗರಿಗೆ ಕೆಲಸ ಇಲ್ಲ, ಬಡವ ಬಲ್ಲಿದರ ಅಂತರ ಜಾಸ್ತಿ. ನಿಮ್ಮ ಪರ್ಮಿಟ್ಟೂ ಖಾಯಂ ಅಲ್ಲ, ಸ್ಥಳೀಯರು ಸಿಕ್ಕರೆ ಅವರಿಗೇ ಮೊದಲು. ಅದು ನ್ಯಾಯವೇ ಬಿಡಿ.

ಹೆಂಡತಿ ಮಗಳನ್ನು ಧಾರಾಳವಾಗಿ ಕರೆತನ್ನಿ. ಸಹಿ ಹಾಕುವ ಮುಂಚೆ ಶಾಲೆ ಫೀಸು, ಮೆಡಿಕಲ್ ಏಡ್ (ಅಂದರೆ ಆರೋಗ್ಯ ವಿಮೆ) ಎರಡೂ ಕಾಗದದಲ್ಲಿ ಬರೆಸಿಕೊಳ್ಳಿ. ಜೋಳದ ಚಿಂತೆ ಬೇಡ, ಇಲ್ಲಿನವರ ಊಟವೂ ಅದೇ, 'ಮಬೆಲೆ' ಅಂತಾರೆ. ಇಲ್ಲಿನ ಹಿಟ್ಟು ತುಸು ತರಿತರಿಯಾಗಿರುತ್ತೆ. ಜರಡಿಯೊಂದು, ರೊಟ್ಟಿ ಹಂಚೊಂದು ಪೆಟ್ಟಿಗೆಯಲ್ಲಿರಲಿ.